ಇಂಟರ್‌ನ್ಯಾಷನಲ್ ಸ್ಟಡೀಸ್ ಪ್ರಾಜೆಕ್ಟ್‌ಗೆ ಬೈಲಕುಪ್ಪೆ ಬಸ್ ಹತ್ತಿದ್ದು ಯಾಕೆ?

ಹೋದ ವಾರ ಒಂದು ವಾಯ್ಸ್ ನೋಟ್ ಬಂತು. ಎಂ.ಎ. ಇಂಟರ್‌ನ್ಯಾಷನಲ್ ಸ್ಟಡೀಸ್ ಓದ್ತಿರೋ ಕೇಳುಗರೊಬ್ಬರು ಕಳಿಸಿದ್ದು. ಕೊನೇ ಸೆಮಿಸ್ಟರ್, ಡಿಸರ್ಟೇಷನ್ ಬರೀಬೇಕು, ಕೈಯಲ್ಲಿ ನಾಲ್ಕು ತಿಂಗಳಿದೆ. ಟಾಪಿಕ್, "ಭಾರತ-ಚೀನಾ ಸಂಬಂಧಗಳು: ಸವಾಲುಗಳು ಮತ್ತು ಅವಕಾಶಗಳು." ಅವರ ಪ್ರಶ್ನೆ ಇಷ್ಟೇ, "ಎಲ್ಲಿಂದ ಶುರು ಮಾಡ್ಲಿ?"

ಉತ್ತರ ನೇರವಾಗಿ ಹೇಳ್ತೀನಿ. ಆ ಟಾಪಿಕ್‌ನ ಎಲ್ಲಿಂದಲೂ ಶುರು ಮಾಡೋಕಾಗಲ್ಲ. "ಸವಾಲುಗಳು ಮತ್ತು ಅವಕಾಶಗಳು" ಅನ್ನೋದು ಸೆಮಿನಾರ್ ಬ್ಯಾನರ್ ಮೇಲೆ ಚೆನ್ನಾಗಿರತ್ತೆ. ಅದರ ಕೆಳಗೆ ಅರವತ್ತು ಪುಟ ಬರೀಬೇಕು ಅಂತ ಕೂತ್ರೆ ನೀವು ಬರೆಯೋದು ಈಗಾಗಲೇ ಬರೆದಿರೋದರ ಸಾರಾಂಶ ಮಾತ್ರ. ನಿವೃತ್ತ ರಾಯಭಾರಿಗಳು, ದಶಕಗಟ್ಟಲೆ ಬೀಜಿಂಗ್‌ನಲ್ಲಿ ಕೆಲಸ ಮಾಡಿದವರು ಅದೇ ವಿಷಯದ ಮೇಲೆ ಪುಸ್ತಕ ಬರೆದಿದ್ದಾರೆ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಏನಿದೆ? ಇದು ಹೀಯಾಳಿಸೋಕೆ ಕೇಳಿದ್ದಲ್ಲ, ನಿಜವಾದ ಪ್ರಶ್ನೆ. ಕನ್ನಡ ಬರತ್ತೆ. ಕೆಲವು ಊರುಗಳಿಗೆ ಬಸ್ಸಲ್ಲಿ ಹೋಗಿ ಬರಬಹುದು. ಜನ ನಿಮ್ಮ ಜೊತೆ ಮಾತಾಡ್ತಾರೆ. ಇದು ಸಣ್ಣ ಆಸ್ತಿ ಅಲ್ಲ.

ನಾನು ಬಿ.ಕಾಂ. ಮುಗಿಸಿ ಈ ಕಡೆಗೆ ಬಂದವರಲ್ಲಿ ಒಬ್ಬ ವಿದ್ಯಾರ್ಥಿ. ಕ್ಲಾಸಲ್ಲಿ ಉಳಿದವರೆಲ್ಲ ರಿಯಲಿಸಂ, ಲಿಬರಲಿಸಂ ಅಂತಿದ್ರೆ ನನಗೆ ಗೊತ್ತಿದ್ದದ್ದು ಲೆಡ್ಜರು, ವೋಚರು. ಆದ್ರೆ ಒಂದು ಮಾತು ಹೇಳ್ತೀನಿ, ಆ ಅಭ್ಯಾಸ ತುಂಬಾ ಉಪಯೋಗಕ್ಕೆ ಬಂತು. ವೋಚರ್ ಇಲ್ಲದೆ ಎಂಟ್ರಿ ಹಾಕೋ ಹಾಗಿಲ್ಲ ಅಂತ ಮೂರು ವರ್ಷ ತಲೆಗೆ ತುಂಬಿರ್ತಾರಲ್ಲ, ರಿಸರ್ಚ್ ಅಂದ್ರೂ ಸುಮಾರಾಗಿ ಅದೇ.

ನನ್ನ ಪ್ರಾಜೆಕ್ಟ್ ಬೈಲಕುಪ್ಪೆ ಬಗ್ಗೆ. ನಿಮ್ಮಲ್ಲಿ ಅರ್ಧ ಜನ ಅಲ್ಲಿಗೆ ಹೋಗಿರ್ತೀರಿ. ಕೂರ್ಗ್ ಟ್ರಿಪ್, ದಾರಿಯಲ್ಲಿ ಗೋಲ್ಡನ್ ಟೆಂಪಲ್, ಒಂದು ಸೆಲ್ಫಿ, ಒಂದು ಪ್ಲೇಟ್ ಮೊಮೊ, ಕುಶಾಲನಗರ, ಆಮೇಲೆ ಮಡಿಕೇರಿ. ಆ ದೇವಸ್ಥಾನ ಅಂದ್ರೆ ನಾಮ್‌ಡ್ರೋಲಿಂಗ್ ಮಠ, 1963ರಲ್ಲಿ ಶುರುವಾದದ್ದು. ಆ ಮಠದ ಹೊರಗೆ ಹೊಲ, ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಕ್ಯಾಂಪ್ ನಂಬರ್ ಇರೋ ಹಳ್ಳಿಗಳು ಇವೆ. ಮೈಸೂರು ಜಿಲ್ಲೆ, ಪಿರಿಯಾಪಟ್ಟಣ ತಾಲ್ಲೂಕು. ಅಲ್ಲಿ ಹುಟ್ಟಿ, ಅಲ್ಲೇ ಬೆಳೆದು, ನಮ್ಮ ನಿಮ್ಮ ಹಾಗೇ ಕನ್ನಡ ಮಾತಾಡೋ ಎಷ್ಟೋ ಜನ ಕಾಗದದ ಪ್ರಕಾರ ವಿದೇಶಿಯರು. ನನ್ನ ಪ್ರಶ್ನೆ ಇದಾಗಿತ್ತು: ನಿರಾಶ್ರಿತರ ಬಗ್ಗೆ ಪ್ರತ್ಯೇಕ ಕಾನೂನೇ ಇಲ್ಲದ ದೇಶದಲ್ಲಿ, ಒಂದು ಸಮುದಾಯ ಅರವತ್ತು ವರ್ಷ ಯಾವ ಕಾಗದದ ಮೇಲೆ ಬದುಕಿದೆ?

ಇದು ಇಂಟರ್‌ನ್ಯಾಷನಲ್ ಸ್ಟಡೀಸ್ ಹೇಗಾಯ್ತು ಅಂತ ಡಿಪಾರ್ಟ್‌ಮೆಂಟಲ್ಲೇ ಒಬ್ಬರು ಕೇಳಿದ್ರು. "ಇದು ಸೋಷಿಯಾಲಜಿ ಅಲ್ವಾ?" ಅಂತ. ಹಾಗಾದ್ರೆ ನೋಡಿ. 1954ರ ಏಪ್ರಿಲ್‌ನಲ್ಲಿ ಭಾರತ ಮತ್ತು ಚೀನಾ ಒಂದು ಒಪ್ಪಂದಕ್ಕೆ ಸಹಿ ಹಾಕಿದವು, ಪಂಚಶೀಲ ಅಂತ ನಾವು ಓದಿರೋದು. ಅದರಲ್ಲಿ ಟಿಬೆಟ್ಟನ್ನು "ಚೀನಾದ ಟಿಬೆಟ್ ಪ್ರದೇಶ" ಅಂತಲೇ ಕರೆದಿದ್ದಾರೆ. ಐದು ವರ್ಷಕ್ಕೆ, 1959ರ ಮಾರ್ಚ್ ಕೊನೆಯಲ್ಲಿ, ದಲೈ ಲಾಮಾ ಗಡಿ ದಾಟಿ ಭಾರತಕ್ಕೆ ಬರ್ತಾರೆ. ಹಿಂದೆಯೇ ಸಾವಿರಾರು ಜನ. ನೆಹರೂ ಸರ್ಕಾರಕ್ಕೆ ಒಂದು ಕಡೆ ಒಪ್ಪಂದ, ಇನ್ನೊಂದು ಕಡೆ ಬಂದು ನಿಂತಿರೋ ಜನ. ಅವರಿಗೆ ಜಾಗ ಕೊಡಿ ಅಂತ ಕೇಂದ್ರ ಕೇಳಿದಾಗ ಒಪ್ಪಿದ ರಾಜ್ಯಗಳಲ್ಲಿ ನಮ್ಮ ಮೈಸೂರು ರಾಜ್ಯ ಒಂದು. 1960ರಲ್ಲಿ ಸುಮಾರು 3,000 ಎಕರೆ ಕೊಡ್ತಾರೆ. ಆಮೇಲೆ ಬೈಲಕುಪ್ಪೆಯಲ್ಲೇ ಎರಡನೇ ವಸತಿ, ಮುಂಡಗೋಡು, ಹುಣಸೂರು, ಕೊಳ್ಳೇಗಾಲ. ದೆಹಲಿ-ಬೀಜಿಂಗ್ ನಡುವಿನ ಒಂದು ತಲೆನೋವು ಪಿರಿಯಾಪಟ್ಟಣದ ಕಾಡಂಚಲ್ಲಿ ಜೋಳದ ಹೊಲ ಆಯ್ತು. ಇದಕ್ಕಿಂತ ಇಂಟರ್‌ನ್ಯಾಷನಲ್ ಇನ್ನೇನು ಬೇಕು?

ಸರಿ, ವೋಚರ್ ವಿಷಯಕ್ಕೆ ಬರೋಣ. ಬೈಲಕುಪ್ಪೆಯಲ್ಲಿ ವಯಸ್ಸಾದವರನ್ನು "ಜಾಗ ಕೊಟ್ಟೋರು ಯಾರು" ಅಂತ ಕೇಳಿ. ನಿಜಲಿಂಗಪ್ಪ ಅಂತಾರೆ, ಕೈ ಮುಗಿದು ಹೇಳ್ತಾರೆ. ಪತ್ರಿಕೆಗಳಲ್ಲೂ ಹಾಗೇ ಬರ್ತದೆ. ನಾನೂ ನೋಟ್‌ಬುಕ್ಕಲ್ಲಿ ಬರ್ಕೊಂಡೆ. ಆದ್ರೆ ಪಕ್ಕದಲ್ಲಿ ಇಸವಿ ಹಾಕಿ ನೋಡಿದಾಗ ಲೆಕ್ಕ ಟ್ಯಾಲಿ ಆಗಲಿಲ್ಲ. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿ ಆಗಿದ್ದು 1956ರಿಂದ 1958ರವರೆಗೆ, ಮತ್ತೆ 1962ರಿಂದ 1968ರವರೆಗೆ. ನಡುವೆ, ಅಂದ್ರೆ 1960ರಲ್ಲಿ, ಮುಖ್ಯಮಂತ್ರಿ ಬಿ.ಡಿ. ಜತ್ತಿ. ಮುಂದೆ ಉಪರಾಷ್ಟ್ರಪತಿ ಆದ್ರಲ್ಲ, ಅವರೇ.

ಹಾಗಂತ ಅಜ್ಜಂದಿರು ಹೇಳೋದು ಸುಳ್ಳು ಅಂತ ಬರೆದುಬಿಡಬಹುದಾ? ಇಲ್ಲಿ ಸ್ವಲ್ಪ ನಿಧಾನ ಬೇಕು. ವಸತಿ ಬೆಳೆದದ್ದು, ಕಾಡು ಹೊಲ ಆಗಿದ್ದು, 1966ರಲ್ಲಿ ಮುಂಡಗೋಡಲ್ಲಿ ಇನ್ನೊಂದು ವಸತಿ ಬಂದದ್ದು, ಇದೆಲ್ಲ ನಿಜಲಿಂಗಪ್ಪನವರ ಎರಡನೇ ಅವಧಿಯಲ್ಲಿ. ಜನರ ನೆನಪು ಆದೇಶಕ್ಕೆ ಸಹಿ ಹಾಕಿದ ದಿನಾಂಕವನ್ನು ಇಟ್ಕೊಳ್ಳಲ್ಲ. ಕಷ್ಟದ ವರ್ಷಗಳಲ್ಲಿ ಯಾರ ಹೆಸರು ಕೇಳಿಬರ್ತಿತ್ತೋ ಅದನ್ನ ಇಟ್ಕೊಳ್ಳತ್ತೆ. ಆದೇಶದ ದಿನಾಂಕ ಒಂದು ದಾಖಲೆ, ಆ ಕೃತಜ್ಞತೆ ಇನ್ನೊಂದು ದಾಖಲೆ. ಎರಡನ್ನೂ ಬರೀಬೇಕು, ಒಂದರಿಂದ ಇನ್ನೊಂದನ್ನು ಅಳಿಸಬಾರದು. ನನ್ನ ಡಿಸರ್ಟೇಷನ್‌ನಲ್ಲಿ ಇದಕ್ಕೆ ಒಂದೂವರೆ ಪುಟ ಹೋಯ್ತು. ವೈವಾದಲ್ಲಿ ಅತಿ ಹೆಚ್ಚು ಹೊತ್ತು ಮಾತಾಡಿದ್ದೂ ಅದೇ ಒಂದೂವರೆ ಪುಟದ ಬಗ್ಗೆ.

ಕಾಗದಗಳು ಎಲ್ಲಿ ಸಿಗತ್ತೆ ಅಂತ ಕೇಳ್ತೀರಿ. ಫೋನಲ್ಲೇ ಶುರು ಮಾಡಿ. ಸಂಸತ್ತಿನ ಹಳೇ ಚರ್ಚೆಗಳು ಆನ್‌ಲೈನ್ ಇವೆ. 1959, 1960ರಲ್ಲಿ ಟಿಬೆಟ್ ಬಗ್ಗೆ ಸದಸ್ಯರು ಕೇಳಿದ ಪ್ರಶ್ನೆ, ಸರ್ಕಾರ ಕೊಟ್ಟ ಉತ್ತರ ಪದಪದವಾಗಿ ಓದಬಹುದು. ನ್ಯಾಷನಲ್ ಆರ್ಕೈವ್ಸ್‌ನ 'ಅಭಿಲೇಖ್ ಪಟಲ್' ಪೋರ್ಟಲ್ ಇದೆ. ಕೇಂದ್ರ ಗೃಹ ಸಚಿವಾಲಯದ ವಾರ್ಷಿಕ ವರದಿಗಳಲ್ಲಿ ಟಿಬೆಟನ್ ನಿರಾಶ್ರಿತರ ಬಗ್ಗೆ ಒಂದು ಭಾಗ ಬರ್ತದೆ. ನಮ್ಮ ರಾಜ್ಯ ಪತ್ರಾಗಾರ ವಿಧಾನಸೌಧದಲ್ಲೇ ಇದೆ, ಕಾಲೇಜಿನ ಪತ್ರ ತಗೊಂಡು ಹೋಗಿ. ಇನ್ನು ಆರ್‌ಟಿಐ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ನೆನಪಿಟ್ಕೊಳ್ಳಿ. ಮತ್ತೆ, ನಮ್ಮ ಸಬ್ಜೆಕ್ಟ್‌ನವರಿಗೆ ಒಂದು ಗೋಡೆ ಇದೆ: ಕಲಂ 8(1)(ಎ). ವಿದೇಶದ ಜೊತೆಗಿನ ಸಂಬಂಧಕ್ಕೆ ಧಕ್ಕೆ ಆಗತ್ತೆ ಅಂದ್ರೆ ಮಾಹಿತಿ ಕೊಡದೇ ಇರಬಹುದು. "ಚೀನಾ ನೀತಿ ಏನು" ಅಂತ ಕೇಳಿದ್ರೆ ಆ ಗೋಡೆಗೆ ಹೊಡೀತೀರಿ. "ಇಂಥ ವಸತಿಗೆ ಇಂಥ ವರ್ಷದಿಂದ ಜಮೀನು ಗುತ್ತಿಗೆಯ ಆದೇಶದ ಪ್ರತಿ ಕೊಡಿ" ಅಂತ ತಾಲ್ಲೂಕು ಕಚೇರಿಗೆ ಕೇಳಿ ನೋಡಿ. ಸಣ್ಣ ಪ್ರಶ್ನೆಗೆ ಇದೂ ಒಂದು ಲಾಭ.

ಹುಡುಕ್ತಾ ಹೋದ್ರೆ ಎಲ್ಲಿಗೋ ಹೋಗ್ತೀರಿ, ಅದೂ ಮಜಾ. ಈ ವಸತಿಗಳ ಕೆಲಸಕ್ಕೆ ಅಂತ 1968ರಲ್ಲಿ ಒಂದು ಸಂಸ್ಥೆ ಹುಟ್ಟತ್ತೆ, ಮೈಸೂರು ರೀಸೆಟ್ಲ್‌ಮೆಂಟ್ ಅಂಡ್ ಡೆವಲಪ್‌ಮೆಂಟ್ ಏಜೆನ್ಸಿ. ಮೈರಾಡಾ. ಕೇಳಿದ ಹೆಸರು ಅನ್ಸತ್ತಾ? ಮುಂದೆ ಇದೇ ಮೈರಾಡಾ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳನ್ನು ಕಟ್ಟೋದರಲ್ಲಿ ದೇಶಕ್ಕೇ ಮೊದಲಿಗರಲ್ಲಿ ಒಬ್ಬರಾಯ್ತು. 1992ರಲ್ಲಿ ನಬಾರ್ಡ್ ಸಂಘಗಳಿಗೆ ಬ್ಯಾಂಕ್ ಜೋಡಿಸೋ ಯೋಜನೆ ತಂದಾಗ ಆ ಅನುಭವ ಹಿಂದಿತ್ತು. ನಿಮ್ಮಮ್ಮ ವಾರವಾರ ಕೂರೋ ಸಂಘದ ಹಿಂದಿನ ಕಥೆಯ ಒಂದು ಎಳೆ ಟಿಬೆಟನ್ ನಿರಾಶ್ರಿತರ ಹತ್ತಿರ ಹೋಗತ್ತೆ. ಇದು ನನ್ನ ಡಿಸರ್ಟೇಷನ್‌ಗೆ ಬೇಕಾಗಿರಲಿಲ್ಲ, ಸೇರಿಸಲೂ ಇಲ್ಲ. ಇಲ್ಲಿ ಹೇಳದೇ ಇರೋಕಾಗ್ಲಿಲ್ಲ ಅಷ್ಟೇ.

ಈಗ ಮುಖ್ಯ ಭಾಗ, ಕಾಗದ. ಭಾರತ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, 1967ರ ಪ್ರೋಟೋಕಾಲ್‌ಗೂ ಇಲ್ಲ. ಹಾಗಾಗಿ ಟಿಬೆಟನ್ನರು ಮಾತಲ್ಲಿ ನಿರಾಶ್ರಿತರು, ಕಾನೂನಲ್ಲಿ ವಿದೇಶಿಯರು. ಅವರ ಕೈಯಲ್ಲಿರೋದು ನೋಂದಣಿ ಪ್ರಮಾಣಪತ್ರ, ಎಲ್ಲರೂ ಆರ್‌ಸಿ ಅಂತಾರೆ. ನಮಗೆ ಆರ್‌ಸಿ ಅಂದ್ರೆ ಗಾಡಿ ಕಾಗದ, ಅವರಿಗೆ ಅದು ಈ ದೇಶದಲ್ಲಿ ಇರೋಕೆ ಅನುಮತಿ. ಕಾಲಕಾಲಕ್ಕೆ ನವೀಕರಿಸಬೇಕು. ವಿದೇಶಕ್ಕೆ ಹೋಗೋಕೆ ಪಾಸ್‌ಪೋರ್ಟ್ ಬದಲು ಐಡೆಂಟಿಟಿ ಸರ್ಟಿಫಿಕೇಟ್, ಹಳದಿ ರಟ್ಟಿನದು. ಅಲ್ಲಿನವರು ಅದನ್ನ 'ಯೆಲ್ಲೋ ಬುಕ್' ಅಂತಲೇ ಕರೆಯೋದು. ಇದೆಲ್ಲದರ ಬುಡದಲ್ಲಿದ್ದದ್ದು 1946ರ ವಿದೇಶಿಯರ ಕಾಯ್ದೆ. ಈಗ ಅದರ ಜಾಗಕ್ಕೆ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ. ಸೀನಿಯರ್‌ಗಳ ಹಳೇ ಡಿಸರ್ಟೇಷನ್ ತೆಗೆದು ಕಾಪಿ ಹೊಡೆಯೋ ಪ್ಲ್ಯಾನ್ ಇದ್ರೆ, ಸಿಕ್ಕಿಬೀಳೋದು ಇದೇ ಪ್ಯಾರಾದಲ್ಲಿ.

ಪೌರತ್ವದ ಲೆಕ್ಕ ಇನ್ನೂ ವಿಚಿತ್ರ. ನಮ್ಮ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಅಪ್ಪ ಅಮ್ಮ ಯಾವ ದೇಶದವರು ಅನ್ನೋದು ಲೆಕ್ಕಕ್ಕಿಲ್ಲ. ಅದಾದ ಮೇಲೆ ಹುಟ್ಟಿದ್ರೆ ಅಪ್ಪ ಅಮ್ಮಂದಿರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್‌ನಿಂದ ಇನ್ನೂ ಬಿಗಿ. ಒಂದು ಮನೆ ಅಂದ್ಕೊಳ್ಳಿ. ಅಪ್ಪ ಅಮ್ಮ ಇಬ್ಬರೂ ಮಕ್ಕಳಾಗಿದ್ದಾಗ ಹಿಮ ದಾಟಿ ಬಂದವರು. ಅಕ್ಕ 1985ರಲ್ಲಿ ಹುಟ್ಟಿದ್ದು, ತಂಗಿ 1989ರಲ್ಲಿ. ಒಂದೇ ಆಸ್ಪತ್ರೆ, ಒಂದೇ ಶಾಲೆ, ಒಂದೇ ಅಡುಗೆಮನೆ. ಕಾನೂನಲ್ಲಿ ಅಕ್ಕ ಭಾರತೀಯಳು, ತಂಗಿ ವಿದೇಶಿ.

ಆ 1987ರ ದಿನಾಂಕ ಬಂದದ್ದು ಎಲ್ಲಿಂದ? ಟಿಬೆಟ್‌ನಿಂದ ಅಲ್ಲ. 1985ರ ಅಸ್ಸಾಂ ಒಪ್ಪಂದದ ಹಿನ್ನೆಲೆ, ಬಾಂಗ್ಲಾದೇಶದಿಂದ, ಶ್ರೀಲಂಕಾದಿಂದ ಬರ್ತಿದ್ದ ಜನರ ಬಗ್ಗೆ ಆತಂಕ, ಅದರಿಂದ 1986ರಲ್ಲಿ ತಿದ್ದುಪಡಿ. ಬ್ರಹ್ಮಪುತ್ರಾ ಕಣಿವೆಯ ರಾಜಕೀಯಕ್ಕೆ ಎಳೆದ ಗೆರೆ ಕಾವೇರಿ ಕಣಿವೆಯ ಒಂದು ಮನೆ ಮಧ್ಯೆ ಹಾದುಹೋಯ್ತು. ನನಗೆ ಈ ಪ್ರಾಜೆಕ್ಟ್ ಪೂರ್ತಿ ಅರ್ಥ ಆದದ್ದು ಇದನ್ನ ಓದಿದ ರಾತ್ರಿ.

ಅಕ್ಕನಿಗಾದ್ರೂ ಪಾಸ್‌ಪೋರ್ಟ್ ಸುಲಭವಾಗಿ ಸಿಕ್ತಾ ಅಂದ್ರೆ ಅದೂ ಇಲ್ಲ. 2010ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ನಾಮ್‌ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ, ಈ ಅವಧಿಯಲ್ಲಿ ಹುಟ್ಟಿದವರು ಭಾರತೀಯರೇ ಅಂತ ಹೇಳ್ತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ದಾರಿ. 2014ರಲ್ಲಿ ಚುನಾವಣಾ ಆಯೋಗ ಇಂಥವರನ್ನು ಮತದಾರರ ಪಟ್ಟಿಗೆ ಸೇರಿಸಿ ಅಂತು. 2016ರಲ್ಲಿ ಮತ್ತೆ ದೆಹಲಿ ಹೈಕೋರ್ಟ್. ಆಮೇಲೆ 2017ರಲ್ಲಿ ಪಾಸ್‌ಪೋರ್ಟ್ ಕೊಡ್ತೀವಿ, ಆದ್ರೆ ಆರ್‌ಸಿ ವಾಪಸ್ ಕೊಡಿ, ಟಿಬೆಟನ್ ವಸತಿಯಲ್ಲಿ ಇರೋ ಹಾಗಿಲ್ಲ, ಅಲ್ಲಿನ ಸೌಲಭ್ಯ ತಗೊಳ್ಳೋ ಹಾಗಿಲ್ಲ ಅಂತ ಷರತ್ತುಗಳು. ಅಂದ್ರೆ ಆಗ ಪಾಸ್‌ಪೋರ್ಟ್ ಬೇಕಂದ್ರೆ ಮನೆ ಬಿಡಬೇಕಿತ್ತು. ಇನ್ನೊಂದು ಕಡೆ, ಅರ್ಹತೆ ಇದ್ದೂ ಅರ್ಜಿನೇ ಹಾಕದವರು ಇದ್ದಾರೆ. "ನಾವೆಲ್ಲ ಇಂಡಿಯನ್ ಆಗಿಬಿಟ್ರೆ ಟಿಬೆಟ್ ಬೇಕು ಅಂತ ಕೇಳೋರು ಯಾರು?" ಅಂತ. ಇದಕ್ಕೆ ಸರಿ ತಪ್ಪು ಹೇಳೋ ಕೆಲಸ ಸಂಶೋಧಕರದ್ದಲ್ಲ. ನಾನು ಹೇಳಲಿಲ್ಲ, ಈಗಲೂ ಹೇಳಲ್ಲ.

ಇಂಟರ್‌ವ್ಯೂ ವಿಷಯ. ಮೊದಲನೇ ದಿನ ಚಹಾ ಅಂಗಡಿಯಲ್ಲಿ ನೋಟ್‌ಬುಕ್ ತೆಗೆದ ತಕ್ಷಣ ಒಬ್ಬ ಅಜ್ಜ ಕೇಳಿದ್ರು, "ಏನ್ ಮಗಾ, ಪೊಲೀಸಾ?" ತಮಾಷೆಗೇ ಕೇಳಿದ್ದು. ಆದ್ರೆ ಆ ತಮಾಷೆ ಒಳಗೆ ಏನಿದೆ ನೋಡಿ. ವಿದೇಶಿಯರು ಅಂತ ನೋಂದಣಿ ಆಗಿರೋರಿಗೆ ನೋಟ್‌ಬುಕ್ ಹಿಡಿದು ಹೆಸರು, ಹುಟ್ಟಿದ ವರ್ಷ, ಬಂದ ವರ್ಷ ಕೇಳೋರು ಸಾಮಾನ್ಯವಾಗಿ ಸರ್ಕಾರದ ಕಡೆಯವರೇ. ನಾನು ಕೇಳ್ಬೇಕು ಅಂದ್ಕೊಂಡಿದ್ದದ್ದೂ ಅದೇ ಮೂರು ಪ್ರಶ್ನೆ! ಅವತ್ತು ಪ್ರಶ್ನಾವಳಿ ಬ್ಯಾಗಿನಲ್ಲೇ ಉಳೀತು. ಜೋಳದ ರೇಟು, ಚಳಿಗಾಲದ ಸ್ವೆಟರ್ ವ್ಯಾಪಾರಕ್ಕೆ ಯಾವ್ಯಾವ ಊರಿಗೆ ಹೋಗ್ತಿದ್ರು, ಲೂಧಿಯಾನದಿಂದ ಮಾಲು ಹೇಗೆ ತರಿಸ್ತಿದ್ರು, ಇದನ್ನೇ ಮಾತಾಡಿದ್ವಿ. ಬಿ.ಕಾಂ. ಬುದ್ಧಿ ಇಲ್ಲೂ ಕೈ ಹಿಡೀತು ಅನ್ನಿ. ಹಿರಿಯ ಹೆಂಗಸರನ್ನ 'ಅಮಾಲಾ' ಅಂತ ಕರೀಬೇಕು ಅಂತ ಕಲ್ತದ್ದೂ ಅವತ್ತೇ. ಕೊನೆಯ 'ಲಾ' ನಮ್ಮ 'ಅವ್ರೇ' ಇದ್ದ ಹಾಗೆ.

ಒಟ್ಟು ಹದಿನಾಲ್ಕು ಜನ ಮಾತಾಡಿದ್ರು. ಎಲ್ಲರಿಗೂ ಒಪ್ಪಿಗೆ ಪತ್ರ ಓದಿ ಹೇಳಿದ್ದೆ. ಹೆಸರು ಬರಲ್ಲ, ರೆಕಾರ್ಡಿಂಗ್ ಬೇಡ ಅಂದ್ರೆ ಮಾಡಲ್ಲ, ಸಬ್ಮಿಟ್ ಮಾಡೋ ತನಕ ಯಾವಾಗ ಬೇಕಾದ್ರೂ ಹಿಂದೆ ಸರೀಬಹುದು, ಕಾರಣ ಕೊಡೋ ಅಗತ್ಯ ಇಲ್ಲ. ಈ ಕೊನೆ ಸಾಲನ್ನ ಎಲ್ಲ ಟೆಂಪ್ಲೇಟ್‌ಗಳಲ್ಲೂ ನೋಡ್ತೀರಿ.

ಸಬ್ಮಿಷನ್‌ಗೆ ಆರು ದಿನ ಇದ್ದಾಗ ಒಬ್ಬರು ಫೋನ್ ಮಾಡಿ, ನನ್ನ ಮಾತು ತೆಗೆದುಬಿಡಿ ಅಂದ್ರು. ನಾಲ್ಕನೇ ಅಧ್ಯಾಯ ಪೂರ್ತಿ ನಿಂತಿದ್ದೇ ಅವರ ಮಾತಿನ ಮೇಲೆ. ಹೆಸರಿಲ್ಲ, ಕ್ಯಾಂಪ್ ನಂಬರ್ ಇಲ್ಲ, ಯಾರಿಗೂ ಗೊತ್ತಾಗಲ್ಲ ಅಂತ ಹೇಳೋಕೆ ಬಾಯಿ ತೆರೆದೆ, ಸುಮ್ಮನಾದೆ. ಅಷ್ಟು ಸಣ್ಣ ಊರಲ್ಲಿ ಹೆಸರು ತೆಗೆದ್ರೆ ಸಾಕಾ? ಓದಿದ ಅಕ್ಕಪಕ್ಕದವರಿಗೆ ಎರಡು ಸಾಲಲ್ಲೇ ಯಾರು ಅಂತ ಗೊತ್ತಾಗತ್ತೆ. ಕಾಗದ ನವೀಕರಣ ಅವರದ್ದು, ಮಾರ್ಕ್ಸ್ ನನ್ನದು. "ಆಯ್ತು, ತೆಗೀತೀನಿ" ಅಂದೆ. ಗೈಡ್ ಮೇಡಂಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಒಂದೇ ಮಾತು, "ಆಡಿಯೋನೂ ಡಿಲೀಟ್ ಮಾಡು, ಡ್ರೈವ್‌ನ ಟ್ರ್ಯಾಶ್ ಫೋಲ್ಡರ್ ಕೂಡ."

ನಾಲ್ಕನೇ ಅಧ್ಯಾಯನ ಕೋರ್ಟ್ ತೀರ್ಪುಗಳ ಮೇಲೆ ಮತ್ತೆ ಕಟ್ಟಿದೆ. ನಾಲ್ಕು ರಾತ್ರಿ ಹಿಡೀತು. ಮೊದಲಿನಷ್ಟು ಚೆನ್ನಾಗಿರಲಿಲ್ಲ, ನನಗೂ ಗೊತ್ತು. ವೈವಾದಲ್ಲಿ ಹೊರಗಿಂದ ಬಂದಿದ್ದ ಎಕ್ಸಾಮಿನರ್, "ಇಲ್ಲಿ ಜನರ ದನಿ ಇಲ್ವಲ್ಲ" ಅಂದ್ರು. ಒಬ್ಬರು ಒಪ್ಪಿಗೆ ವಾಪಸ್ ತಗೊಂಡ್ರು ಸರ್ ಅಂದೆ. ಅವರು ತಲೆ ಆಡಿಸಿ ಮುಂದಿನ ಪುಟಕ್ಕೆ ಹೋದ್ರು. ಆ ವ್ಯಕ್ತಿ ಏನು ಹೇಳಿದ್ರು ಅಂತ ಈ ಎಪಿಸೋಡ್‌ನಲ್ಲೂ ಹೇಳಲ್ಲ. ಅಕ್ಕ-ತಂಗಿ ಉದಾಹರಣೆ ಕೊಟ್ಟೆನಲ್ಲ, ಅದು ಕಾಯ್ದೆ ಓದಿ ನಾನೇ ಹೆಣೆದದ್ದು, ಅದಕ್ಕೂ ಅವರಿಗೂ ಸಂಬಂಧ ಇಲ್ಲ.

ಅಂಕಿಅಂಶದ ಬಗ್ಗೆ ಒಂದು ಮಾತು, ಬೇಗ ಮುಗಿಸ್ತೀನಿ. ಭಾರತದಲ್ಲಿ ಟಿಬೆಟನ್ನರು ಎಷ್ಟು ಅಂದ್ರೆ ಎಲ್ಲರೂ ಬರೆಯೋದು ಸುಮಾರು 94,000. ಅದು ಧರ್ಮಶಾಲಾದ ಟಿಬೆಟನ್ ಆಡಳಿತ 2009ರಲ್ಲಿ ಮಾಡಿದ ಸಮೀಕ್ಷೆಯದ್ದು. ಆಮೇಲೆ ಎಷ್ಟೋ ಜನ ಅಮೆರಿಕ, ಕೆನಡಾ, ಯುರೋಪ್ ಕಡೆ ಹೋಗಿದ್ದಾರೆ. ಆ ಸಂಖ್ಯೆಯನ್ನ ಇವತ್ತಿನದು ಅಂತ ಬರೆದ್ರೆ ತಪ್ಪಾಗತ್ತೆ. ಯಾರು ಎಣಿಸಿದ್ದು, ಯಾವ ವರ್ಷ, ಎರಡನ್ನೂ ಅದೇ ಸಾಲಲ್ಲಿ ಹಾಕಿ.

ಬೈಲಕುಪ್ಪೆಗೇ ಎಲ್ಲರೂ ಹೋಗಿ ಅಂತ ನಾನು ಹೇಳ್ತಿಲ್ಲ, ಪಾಪ ಅವರಿಗೂ ಕೆಲಸ ಇದೆ. ನಿಮ್ಮ ಜಿಲ್ಲೆ ನೋಡಿ. ಕೊಡಗು, ಚಿಕ್ಕಮಗಳೂರಿನವರಾ? ಯುರೋಪಿಯನ್ ಯೂನಿಯನ್ ಒಂದು ನಿಯಮ ತಂದಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಅಲ್ಲಿಗೆ ಹೋಗೋ ಹಾಗಿಲ್ಲ, ತೋಟದ ಜಿಪಿಎಸ್ ಗುರುತು ಕೊಡಬೇಕು. ಜಾರಿ ದಿನಾಂಕ ಮುಂದೂಡ್ತಾನೇ ಬಂದಿದ್ದಾರೆ. ಎರಡು ಎಕರೆ ಬೆಳೆಗಾರರು ಇದಕ್ಕೆ ಹೇಗೆ ತಯಾರಾಗ್ತಿದ್ದಾರೆ ಅಂತ ಬ್ರಸೆಲ್ಸ್‌ನಲ್ಲಿ ಕೂತವರಿಗಿಂತ ನಿಮಗೆ ಬೇಗ ಗೊತ್ತಾಗತ್ತೆ. ಶಿವಮೊಗ್ಗ ಕಡೆಯವರಾದ್ರೆ ಅಡಿಕೆ ಇದೆ. ಆಮದಿಗೆ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆ 2023ರಲ್ಲಿ ನಿಗದಿ ಆಯ್ತು, ಆದ್ರೆ ಭೂತಾನ್‌ನ ಹಸಿ ಅಡಿಕೆಗೆ ವರ್ಷಕ್ಕೆ 17,000 ಟನ್‌ವರೆಗೆ ಆ ಷರತ್ತಿಲ್ಲ. ನೆರೆರಾಷ್ಟ್ರದ ಸ್ನೇಹಕ್ಕೆ ತೀರ್ಥಹಳ್ಳಿ ಬೆಳೆಗಾರರು ಬೆಲೆ ಕೊಡ್ತಿದ್ದಾರಾ, ಇಲ್ವಾ? ಹುಣಸೂರು ಕಡೆಯವರಾದ್ರೆ ಹಕ್ಕಿಪಿಕ್ಕಿ ಸಮುದಾಯ. 2023ರಲ್ಲಿ ಸುಡಾನ್ ಯುದ್ಧದಲ್ಲಿ ಸಿಕ್ಕಿಹಾಕ್ಕೊಂಡು, 'ಆಪರೇಷನ್ ಕಾವೇರಿ'ಯಲ್ಲಿ ವಾಪಸ್ ಬಂದ ಕನ್ನಡಿಗರಲ್ಲಿ ಅವರಿದ್ರು. ಗಿಡಮೂಲಿಕೆ ಎಣ್ಣೆ ಮಾರೋಕೆ ಆಫ್ರಿಕಾ ತನಕ ಹೋಗೋ ದಾರಿ ಅವರಿಗೆ ಹೇಗೆ ಸಿಕ್ತು? ನನಗೆ ಇವತ್ತಿಗೂ ಆ ಡಿಸರ್ಟೇಷನ್ ಯಾರಾದ್ರೂ ಬರೆದ್ರೆ ಓದೋ ಆಸೆ.

ವಾಯ್ಸ್ ನೋಟ್ ಕಳಿಸಿದವರಿಗೆ: ಮೊದಲ ಮೂರು ವಾರ ಓದಿ, ನಾಲ್ಕನೇ ವಾರ ಊರಿಗೆ ಹೋಗಿ, ಎರಡು ತಿಂಗಳು ಮುಗಿಯೋ ಹೊತ್ತಿಗೆ ಕೆಟ್ಟದೋ ಒಳ್ಳೇದೋ ಒಂದು ಪೂರ್ತಿ ಡ್ರಾಫ್ಟ್ ಇರಲಿ. ಯಾರಾದ್ರೂ ಹಿಂದೆ ಸರಿದ್ರೆ ಮತ್ತೆ ಕಟ್ಟೋಕೆ ಟೈಮ್ ಬೇಕಾಗತ್ತೆ. ಭಾರತ-ಚೀನಾನೇ ಬೇಕು ಅಂದ್ರೆ ಬೇಡ ಅನ್ನಲ್ಲ, ಅದರೊಳಗೆ ಒಂದು ಊರು, ಒಂದು ಸರಕು ಅಥವಾ ಒಂದು ಕಾಗದ ಹುಡುಕಿ. ಹೊಸ ಟೈಟಲ್ ಕಳಿಸಿ, ಮುಂದಿನ ವಾರ ಹೆಸರು ಹೇಳದೆ ಇಲ್ಲೇ ಚರ್ಚೆ ಮಾಡೋಣ. ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಲಿ. ಸಿಗೋಣ.